ಪಂಖದ ಹಿಡಿಕೆ

ಸಾವಕ್ಕ ಸುಟ್ಟ ಇದ್ದಲಿ ಮೋಟಾರಿಗೆ ಬೇಕಿತ್ತು. ಸಾವಕ್ಕ ಬೇಡವಾಗಿದ್ದಳು. ಇದು ನಡೆದು ಬಹಳ ದಿನವಾಯಿತು, ಆದರೂ ಕೋವಾಡದ ಹೊಲಗೇರಿಯಲ್ಲಿ ಇದನ್ನು ಹೇಳಿಕೊಂಡು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗುವ ಮೊದಲು ಸ್ವಲ್ಪ ಸಿಟ್ಟಿಗೇಳುವುದಿದೆ. ಅದನ್ನು ಮೊದಲು ಮುಗಿಸಿಬಿಡೋಣ.

ಅದು ಲಡಾಯಿ ಕಾಲ. ಪೆಟ್ರೋಲೆಲ್ಲ ಲಡಾಯಿಗೆ ಹೋಯಿತು. ಕೋವಾಡಕ್ಕೂ ಗಡಹಿಂಗ್ಲಜಕ್ಕೂ ನಡುವೆ ಓಡುತ್ತಿದ್ದ ಬಾಪೂಸಾಹೇಬರ ಮೋಟಾರು ಚಪ್ಪರದ ಕೆಳಗೆ ನಿಂತುಬಿಟ್ಟಿತು. ಊರ ಕೋಳಿಗಳು ಅದರ ಬಾಕುಗಳ ಮೇಲೆ ತತ್ತಿ ಇಡತೊಡಗಿದವು. ಆಗ ಬಾಪೂಸಾಹೇಬರು ಕೊಲ್ಲಾಪುರಕ್ಕೆ ಹೋಗಿ ಆಳೆತ್ತರದ ಒಂದು ಕಬ್ಬಿಣದ ಪೀಪಾಯಿ ತಂದು ಮೋಟಾರಿನ ಬೆನ್ನಿಗೆ ಕಟ್ಟಿಸಿದರು. ಅದರ ಬಾಯಿಗೆ ಇದ್ದಲಿ ಸುರಿಯಬೇಕು, ಬುಡಕ್ಕೆ ಬೆಂಕಿ ಹಚ್ಚಬೇಕು, ಪಕ್ಕದಲ್ಲಿರುವ ಪಂಖದ ಹಿಡಿಕೆ ತಿರುಗಿಸಿ ಗಾಳಿ ಊದಬೇಕು. ಇದ್ದಲಿ ಕೆಂಡವಾಗಿ ಗ್ಯಾಸು ಹುಟ್ಟುತ್ತದೆ. ಸಣ್ಣ ಕೊಳವೆಯ ಬಾಯಿಗೆ ಕಡ್ಡಿ ಗೀರಿ ಹಿಡಿದಾಗ ನೀಲಿ ಉರಿ ಎದ್ದರೆ ಗ್ಯಾಸು ತಯಾರಾಯಿತೆಂದು ಲೆಕ್ಕ. ಪೆಟ್ರೋಲಿನ ಬದಲು ಅದನ್ನೇ ಕುಡಿದು ಮೋಟಾರು ಓಡುತ್ತದೆ. ಅಡವಿಯ ಕಟ್ಟಿಗೆಯ ಮೇಲೆ ಮೋಟಾರು ಓಡುತ್ತದೆಂದರೆ ಮೊದಮೊದಲು ಯಾರೂ ನಂಬಲಿಲ್ಲ. ಓಡಿತು. ಕೆಮ್ಮುತ್ತ, ಹೊಗೆ ಕಾರುತ್ತ, ಏರು ಬಂದಲ್ಲೆಲ್ಲ ಮಂದಿಯನ್ನು ಕೆಳಗಿಳಿಸುತ್ತ ಓಡಿತು.

ಇದ್ದಲಿ ಸುಡುವವರು ಕೇರಿಯವರು. ಅಡವಿಯಲ್ಲಿ ಕಟ್ಟಿಗೆ ಕಡಿಯಬೇಕು, ಹೊತ್ತು ತರಬೇಕು, ಒಟ್ಟಬೇಕು. ಮೇಲೆ ಸೊಪ್ಪು ಮುಚ್ಚಿ ಮಣ್ಣು ಮೆತ್ತಬೇಕು. ಬೆಂಕಿ ಕೊಟ್ಟ ಮೇಲೆ ಭಟ್ಟಿಯನ್ನು ಬಿಟ್ಟು ಕದಲುವಂತಿಲ್ಲ. ಎಲ್ಲಿ ಮಣ್ಣು ಬಿರಿದು ಹೊಗೆ ಹೊರಟೀತೋ ಅಲ್ಲಿಗೆ ಓಡಿ ಬರಿಗೈಯಲ್ಲಿ ಹಸಿಮಣ್ಣು ತುರುಕಬೇಕು. ಒಳಗೆ ಗಾಳಿ ಹೋದರೆ ಅಷ್ಟೂ ಕಟ್ಟಿಗೆ ಬೂದಿ. ಗಂಡ ಸತ್ತ ಮೇಲೆ ಸಾವಕ್ಕ ಈ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು. ಅವಳ ಹುಬ್ಬಿನ ಕೂದಲು ಸುಟ್ಟುಹೋಗಿತ್ತು. ಉಗುಳು ಕಪ್ಪಾಗಿ ಬರುತ್ತಿತ್ತು. ಅಂಗೈಯ ಗೆರೆಗಳಲ್ಲಿ ಕೂತ ಮಸಿಯನ್ನು ಎಷ್ಟು ತಿಕ್ಕಿದರೂ ತೆಗೆಯಲು ಆಗುತ್ತಿರಲಿಲ್ಲ. ಕೈ ನೋಡಿ ಭವಿಷ್ಯ ಹೇಳುವವನು ಬಂದರೆ ನನ್ನ ಗೆರೆಗಳು ದೂರದಿಂದಲೇ ಕಾಣುತ್ತವೆ ಎಂದು ಅವಳೇ ನಗುತ್ತಿದ್ದಳು.

ಪಂಖ ತಿರುಗಿಸುವ ಕೆಲಸ ಮೊದಲು ಗುಂಡೂನದಾಗಿತ್ತು. ಗುಂಡು ಅಂದರೆ ಮೋಟಾರಿನಲ್ಲಿ ಟಿಕೀಟಿನ ಚೀಟಿ ಹರಿಯುವವನು. ಮೈಗಳ್ಳ. ನಾಲ್ಕು ದಿನದಲ್ಲೇ ಅವನ ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಹೇಗೂ ಇದ್ದಲಿ ತುಂಬುವವರು ಕೇರಿಯ ಹೆಂಗಸರು, ಹಿಡಿಕೆಯನ್ನೂ ಅವರೇ ತಿರುಗಿಸಲಿ ಎಂದು ಬಾಪೂಸಾಹೇಬರ ಕಿವಿಯಲ್ಲಿ ಊದಿದ. ಬಾಪೂಸಾಹೇಬರಿಗೆ ಅದು ಸರಿ ಕಂಡಿತು. ಕೂಲಿಯಿಲ್ಲ. ಕೂಲಿಯ ಬದಲು ಮೋಟಾರಿನ ತಲೆಯ ಮೇಲೆ, ಇದ್ದಲಿ ಚೀಲಗಳ ನಡುವೆ, ಗಡಹಿಂಗ್ಲಜದವರೆಗೆ ಪುಕ್ಕಟೆ ಪ್ರಯಾಣ. ಅಂದಿನಿಂದ ಸಾವಕ್ಕನ ರಟ್ಟೆ ಪಂಖಕ್ಕೆ ಬಿತ್ತು.

ಒಂದು ದಿನ ಜ್ವರ ಬಂದು ಸಾವಕ್ಕ ಬರಲಿಲ್ಲ. ಇವತ್ತೊಂದು ದಿನ ನೀನೇ ತಿರುಗಿಸೆಂದರು ಬಾಪೂಸಾಹೇಬರು. ಗುಂಡು ಎರಡು ಹೆಜ್ಜೆ ಹಿಂದೆ ಸರಿದ.

"ಅದನ್ನ ಕೇರಿಯವರು ಮುಟ್ಯಾರ್ರಿ ಸಾವಕಾರ್ರ. ನಾ ಅದನ್ನ ಹಿಡದ ಅದs ಕೈಲೆ ಮಂದಿಗೆ ಚೀಟಿ ಕೊಡಬೇಕಲ್ರಿ. ನಡೀತೈತೇನ ಕೇಳ್ರಿ ಮಂದೀನ್ನ."

ಒಳಗಿದ್ದ ಮಂದಿ ನಡೆಯುವುದಿಲ್ಲ ಎಂದರು. ಬಾಪೂಸಾಹೇಬರೂ ತಲೆಯಾಡಿಸಿದರು. ಮೋಟಾರು ಅಲ್ಲೇ ನಿಂತಿತು, ಕೇರಿಯಿಂದ ಬೇರೊಬ್ಬ ಹೆಂಗಸನ್ನು ಕರೆತಂದ ಮೇಲೆಯೇ ಹೊರಟದ್ದು. ಹೀಗೆ ಬೊಬ್ಬೆಗೆ ಹೆದರಿದ ಒಬ್ಬನ ಬಾಯಿಂದ ಹೊರಬಿದ್ದ ಮಾತು ಮೋಟಾರಿನ ಕಾಯಿದೆಯಾಯಿತು. ಇಂಥ ಮೈಲಿಗೆಯೆಲ್ಲ ಮಾಡಬಾರದೆಂದು ಕೊಲ್ಲಾಪುರದ ಮಹಾರಾಜರ ಹುಕುಮು ಎಂದೋ ಆಗಿತ್ತಂತೆ. ಹುಕುಮು ಕೊಲ್ಲಾಪುರದಲ್ಲಿತ್ತು, ಮೋಟಾರು ಕೋವಾಡದಲ್ಲಿತ್ತು.

ಮೋಟಾರಿನ ತಲೆಯ ಮೇಲೆ ಕೂತವರಿಗೇ ಅದರ ಸುಖ ಗೊತ್ತು. ತಗಡು ಕಾದು ಕುಂಡೆ ಸುಡುತ್ತದೆ. ಹಿಂದಿನ ಪೀಪಾಯಿಯ ಹೊಗೆ ಗಾಳಿ ತಿರುಗಿದಾಗಲೆಲ್ಲ ನೇರ ಮೂಗಿಗೆ. ಮರದ ಟೊಂಗೆ ಬಂದರೆ ಚೀಲಗಳ ಮೇಲೆ ಬೋರಲಾಗಿ ಮಲಗಬೇಕು. ಹಿಡಿಯಲು ಏನೂ ಇಲ್ಲ. ಒಮ್ಮೆ ಸಾವಕ್ಕನ ಸೆರಗು ಟೊಂಗೆಗೆ ಸಿಕ್ಕು ಹರಿದುಹೋಗಿತ್ತು. ಕೆಳಗಿದ್ದವರು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿ ನಕ್ಕಿದ್ದರು. ಅದನ್ನು ಅವಳು ಮರೆಯಲಿಲ್ಲ.

ಇನ್ನು ಕೇರಿ ನಗುವ ಆ ದಿನದ ಮಾತು.

ಸಾವಕ್ಕನ ಮಗಳು ತಾರವ್ವ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡು ಹುಟ್ಟಿ ಮೂರು ತಿಂಗಳಾಗಿತ್ತು. ಕೂಸನ್ನೂ ಬಾಣಂತಿಯನ್ನೂ ಗಂಡನ ಮನೆಗೆ ಕಳಿಸುವ ದಿನ. ಅಳಿಯ ಕೃಷ್ಣಾತ ಇಚಲಕರಂಜಿಯ ಮಗ್ಗದ ಶೆಡ್ಡಿನಲ್ಲಿ ದುಡಿಯುತ್ತಿದ್ದ. ಸಂಜೆ ಗಡಹಿಂಗ್ಲಜದ ಮೋಟಾರು ಸ್ಟ್ಯಾಂಡಿಗೆ ಬಂದು ಕಾದಿರುತ್ತೇನೆಂದು ಹೇಳಿ ಕಳಿಸಿದ್ದ. ಸಾವಕ್ಕ ಕೂಸಿನ ತಲೆಗೆ ಕುಂಚಿಗೆ ಹೊಲಿದಿದ್ದಳು, ದೃಷ್ಟಿಬೊಟ್ಟು ಇಟ್ಟಿದ್ದಳು. ಬೊಟ್ಟಿಗೆ ಕಾಡಿಗೆ ಹುಡುಕುವ ಕಷ್ಟವೇ ಇರಲಿಲ್ಲ, ಅಜ್ಜಿಯ ಹೆಬ್ಬೆರಳೇ ಸಾಕಾಯಿತು. ಅವಳಿಗೆ ಇದ್ದ ಆಸೆ ಒಂದೇ. ಈ ಉರಿಬಿಸಿಲಿನಲ್ಲಿ ಕೂಸು ತಗಡಿನ ಮೇಲೆ ಹೋಗಬಾರದು. ಒಳಗೆ, ನೆರಳಿನಲ್ಲಿ, ತಾಯಿಯ ತೊಡೆಯ ಮೇಲೆ ಹೋಗಬೇಕು.

"ಗುಂಡಪ್ಪಾ, ಇವತ್ತ ತಾರಿನ್ನ ಒಳಗ ಕುಂಡರಸೋ ಎಪ್ಪಾ. ಕೂಸೈತಿ. ಕಡೀ ಮೂಲ್ಯಾಗ ಆದರೂ ಆಗಲಿ. ಚೀಟಿ ತಗೋತೇನಿ."

"ಚೀಟಿ ಕೊಡೂದ ಮಂದಿಗೆ," ಎಂದ ಗುಂಡು. "ಹತ್ತ ಮ್ಯಾಲ, ಹೊತ್ತಾತು."

ಅಂದು ಬಾಪೂಸಾಹೇಬರೂ ಮೋಟಾರಿನಲ್ಲಿದ್ದರು. ಮುಂದಿನ ಬಾಕಿನ ಮೇಲೆ, ಬಿಳಿ ಕೋಟು, ಜರಿಯ ರುಮಾಲು, ಹೆಗಲ ಮೇಲೆ ರೇಷ್ಮೆ ಶಲ್ಯ. ಲಡಾಯಿ ಕಾಲದಲ್ಲಿ ಪೆಟ್ರೋಲು ಉಳಿಸಿ ಇದ್ದಲಿಯ ಮೇಲೆ ಗಾಡಿ ಓಡಿಸಿದ್ದಕ್ಕೆ ಆ ಸಂಜೆ ಗಡಹಿಂಗ್ಲಜದಲ್ಲಿ ಮಾಮಲೇದಾರರ ಕೈಯಿಂದ ಅವರಿಗೆ ಹಾರ ಬೀಳುವುದಿತ್ತು. ಸಾವಕ್ಕ ಕಿಟಕಿಯ ಕೆಳಗೆ ನಿಂತು ಕೈಮುಗಿದು ಕೇಳಿಕೊಂಡಳು. ಅವರ ಮನಸ್ಸು ಹಾರದ ಮೇಲಿತ್ತು.

"ಮ್ಯಾಲ ಗಾಳಿ ಛಲೋ ಬರತೈತಲ್ಲ. ಕೂಸಿಗಿ ಒಳ್ಳೇದ," ಎಂದರು.

ಸಾವಕ್ಕ ಹಲ್ಲು ಕಚ್ಚಿ ಪಂಖ ತಿರುಗಿಸಿದಳು. ನೀಲಿ ಉರಿ ಬಂತು. ತಾರವ್ವ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಏಣಿ ಹಿಡಿದು ಮೇಲೆ ಹತ್ತಿದಳು. ಹಿಂದೆಯೇ ಹತ್ತಿದ ಸಾವಕ್ಕ ತನ್ನ ಸೆರಗನ್ನು ಎರಡು ಚೀಲಗಳ ನಡುವೆ ಎಳೆದು ಕಟ್ಟಿ, ಕೂಸಿನ ಮೇಲೆ ಅಂಗೈಯಗಲ ನೆರಳು ಮಾಡಿದಳು. ಮೋಟಾರು ಹೊರಟಿತು. ಕೂಸು ಅಳತೊಡಗಿತು. ದಾರಿಯಲ್ಲಿ ನೇಸರಿ ಊರು ಬರುವಷ್ಟರಲ್ಲಿ ಅತ್ತು ಅತ್ತು ಅದರ ದನಿ ಬಿದ್ದುಹೋಗಿತ್ತು, ಮುಖ ಕೆಂಪಗೆ ಕಾದಿತ್ತು. ಸಾವಕ್ಕ ಅದರ ಹಣೆ ಮುಟ್ಟಿ ನೋಡಿದಳು. ಭಟ್ಟಿಯ ಮೈ ಮುಟ್ಟಿದ ಹಾಗಿತ್ತು. ಅಷ್ಟೂ ದಿನ ನುಂಗಿದ ಸಿಟ್ಟನ್ನು ಇನ್ನು ನುಂಗುವುದಾಗಲಿಲ್ಲ.

ನೇಸರಿ ದಾಟಿದ ಮೇಲಿನ ಏರಿನಲ್ಲಿ ಮೋಟಾರು ಎರಡು ಸಲ ಬಿಕ್ಕಿ ನಿಂತಿತು. ಡ್ರೈವರ್ ಜೋತಿಬಾ ಇಳಿದು ಹಿಂದೆ ಬಂದು ಕಡ್ಡಿ ಗೀರಿ ನೋಡಿದ. ಉರಿಯಿಲ್ಲ, ಬರೀ ಹೊಗೆ.

"ಗ್ಯಾಸ ಸತ್ತೈತ್ರಿ ಸಾವಕಾರ್ರ. ಮತ್ತ ಊದಬೇಕ."

"ಏ ಸಾವಿ, ಇಳಿ. ಪಂಖಾ ತಿರಗಸ," ಎಂದು ಗುಂಡು ಕೆಳಗಿನಿಂದ ಕೂಗಿದ.

"ಇಳ್ಯಂಗಿಲ್ಲ."

"ಏನಂದಿ?"

"ಇಳ್ಯಂಗಿಲ್ಲ ಅಂದ್ನಿ. ಮ್ಯಾಲ ಗಾಳಿ ಛಲೋ ಬರಾಕತ್ತೈತಿ. ಕೂಸಿಗಿ ಒಳ್ಳೇದಂತ."

ಮಂದಿಯೆಲ್ಲ ಇಳಿದರು. ಬಾಪೂಸಾಹೇಬರೂ ಇಳಿದು ಕತ್ತೆತ್ತಿ ಮೇಲೆ ನೋಡಿದರು. ಎಂದೂ ಯಾರನ್ನೂ ಹಾಗೆ ಕತ್ತೆತ್ತಿ ನೋಡಿದ ರೂಢಿ ಇರಲಿಲ್ಲ ಅವರಿಗೆ. ಬಿಸಿಲು ಕಣ್ಣಿಗೆ ಹೊಡೆಯಿತು, ರುಮಾಲು ಹಿಂದಕ್ಕೆ ಜಾರಿತು.

"ಸೊಕ್ಕೇನ? ಇಳೀತಿಯೋ ಇಲ್ಲೋ?"

"ಇಲ್ರಿ."

"ನಾಳಿಂದ ನಿನ್ನ ಇದ್ದಲಿ ತಗೊಳ್ಳಂಗಿಲ್ಲ, ತಿಳೀತೇನ?"

ಇದ್ದಲಿ ಹೋದರೆ ಒಲೆಯೂ ಹೋಯಿತು. ಸಾವಕ್ಕ ಮಗಳ ಮುಖ ನೋಡಿದಳು. ತಾರವ್ವ ಕೂಸನ್ನು ಎದೆಗೆ ಅವುಚಿಕೊಂಡು, ಬೇಡ, ಇಳಿಯಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

"ನಾಳಿ ಮಾತ ನಾಳಿಗಿ ಆತ್ರಿ," ಎಂದಳು ಸಾವಕ್ಕ. "ಇವತ್ತ ಹ್ಯಾಂಗ ಹೋಗ್ತೀರಿ ಹೇಳ್ರಿ."

ಬಾಪೂಸಾಹೇಬರು ಗುಂಡೂನ ಕಡೆ ತಿರುಗಿದರು. "ನೀ ತಿರಗಸ."

ಗುಂಡು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಅದು ಮೈಲಿಗೀ ಹಿಡಿಕಿರಿ. ನೀವs ಅವತ್ತ ಹೌದಂದಿದ್ರಿ."

"ಜೋತಿಬಾ?"

"ನಾ ಸ್ಟೇರಿಂಗ ಹಿಡ್ಯಾಂವ್ರಿ. ಅದಕ್ಕ ದಿನಾ ಕುಂಕುಮ ಹಚ್ಚತೇನಿ. ಆ ಕೈಲೆ ಇದನ್ನ ಹ್ಯಾಂಗ ಹಿಡೀಲಿ?"

ಬಾಪೂಸಾಹೇಬರು ಮಂದಿಯ ಕಡೆ ನೋಡಿದರು. ಮಂದಿ ಆಕಾಶ ನೋಡಿದರು, ತಮ್ಮ ಚಪ್ಪಲಿ ನೋಡಿದರು. ಒಬ್ಬನಿಗೆ ಥಟ್ಟನೆ ಕೆಮ್ಮು ಬಂತು. ಕುಡುಗೋಲು ಹಿಡಿದ ಕೈಗಳಿದ್ದವು ಅಲ್ಲಿ, ನೇಗಿಲು ಹಿಡಿದ ಕೈಗಳಿದ್ದವು. ಆದರೆ ಒಂದು ಕಬ್ಬಿಣದ ಹಿಡಿಕೆಯ ಮುಂದೆ ಅಷ್ಟೂ ಕೈಗಳು ಕೆಲಸಕ್ಕೆ ಬಾರದೆ ಹೋದವು. ತಾವೇ ಹಾಕಿದ ಬೇಲಿಯ ಒಳಗೆ ತಾವೇ ಸಿಕ್ಕಿಕೊಂಡಿದ್ದರು. ಮೇಲಿನಿಂದ ನೋಡುತ್ತಿದ್ದ ಸಾವಕ್ಕನಿಗೆ ನಗು ಬಂತು. ಮೋಟಾರಿನ ತಲೆಯ ಮೇಲೆ ಕೂತು ಅವಳು ನಕ್ಕದ್ದು ಅದೇ ಮೊದಲು.

ದೂಡಿ ನೋಡಿದರು. ಏರು ಬಲವಾಗಿತ್ತು. ಮೋಟಾರು ಒಂದು ಗೇಣು ಮುಂದೆ ಹೋಗಿ ಒಂದು ಮೊಳ ಹಿಂದೆ ಬಂತು. ಬಾಪೂಸಾಹೇಬರ ಕೋಟು ಬೆವರಿಗೆ ಬೆನ್ನಿಗಂಟಿತು. ಹೊತ್ತು ಇಳಿಯುತ್ತಿತ್ತು. ಎಲ್ಲರಿಗಿಂತ ಹೆಚ್ಚು ಚಡಪಡಿಸಿದವರು ಜಿನಗೊಂಡರು. ಅವರೊಬ್ಬ ಮುದುಕ ರೈತ, ನೇಸರಿಯಲ್ಲಿ ಹತ್ತಿದ್ದವರು, ಜೈನರು, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದವರು. ಗಡಹಿಂಗ್ಲಜದಲ್ಲಿ ಬೀಗರ ಮನೆಯಲ್ಲಿ ಹೋಳಿಗೆ ಕಾದಿತ್ತು.

"ಬಾಪೂಸಾಹೇಬ, ಆಕೀ ಮಗಳನ್ನ ಒಳಗ ಕುಂಡರಸಪಾ," ಎಂದರು ಜಿನಗೊಂಡರು. "ನಿನಗೇನ, ದೀಪ ಹಚ್ಚಿದ ಮ್ಯಾಲೂ ಹಾರಾ ಹಾಕತಾರ. ನನ್ನ ಹೋಳಿಗೀ ಗತಿ ಏನ?"

ಕೊನೆಗೆ ಬಾಪೂಸಾಹೇಬರು ಸೋತು ಕೈ ಬೀಸಿದರು. ಮಗಳು, ಕೂಸು ಒಳಗೆ ಕೂರಲಿ ಎಂದರು. ತಾರವ್ವ ಇಳಿದು ಬಾಗಿಲಿನಿಂದ ಒಳಗೆ ಹೋಗಿ ಹಿಂದಿನ ಬಾಕಿನ ತುದಿಯಲ್ಲಿ ಕೂತಳು. ಕೂಸನ್ನು ಸೆರಗಿನೊಳಗೆ ತೆಗೆದುಕೊಂಡು ಹಾಲಿಗೆ ಬಿಟ್ಟಳು. ಅಳು ನಿಂತಿತು. ಸಾವಕ್ಕನಿಗೆ ಇಷ್ಟೇ ಬೇಕಾಗಿದ್ದದ್ದು. ಅವಳೂ ಇಳಿದಳು, ಸೀರೆ ಎತ್ತಿ ಕಟ್ಟಿ ಹಿಡಿಕೆಗೆ ಕೈ ಹಾಕಿದಳು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಆದರೆ ಬಾಪೂಸಾಹೇಬರ ಬಾಯಿ ಸುಮ್ಮನಿರಲಿಲ್ಲ. ಗುಂಡೂನ ಕಿವಿಯಲ್ಲಿ ಹೇಳಿದರು. ಅವರ ಗುಟ್ಟಿನ ಮಾತು ಅರ್ಧ ಊರಿಗೆ ಕೇಳುವಂಥದು.

"ಗಡಹಿಂಗ್ಲಜ ಮುಟ್ಟಿದ ಕೂಡ್ಲೇ ಆ ಬಾಕು ತಿಕ್ಕಿ ತೊಳಿ. ಗೋಮೂತ್ರ ಹೊಡಿ."

ಸಾವಕ್ಕನ ಕೈ ನಿಂತಿತು. ಮೂರು ತಿಂಗಳ ಕೂಸು. ಅದರ ಮೈಯಲ್ಲಿ ಹಾಲಿನ ವಾಸನೆ ಬಿಟ್ಟರೆ ಬೇರೆ ವಾಸನೆಯಿಲ್ಲ. ಅದು ಕೂತ ಜಾಗವನ್ನು ತಿಕ್ಕಿ ತೊಳೆಯಬೇಕಂತೆ. ದನ ಉಚ್ಚೆ ಹೊಯ್ದರೆ ಚೊಕ್ಕಟ, ನನ್ನ ಮೊಮ್ಮಗ ಕೂತರೆ ಹೊಲಸು. ಮೇಲೆ ಕೂತಿದ್ದಾಗ ಬಂದದ್ದು ಸಂಕಟದ ಸಿಟ್ಟು. ಈಗ ಬಂದದ್ದು ಬೇರೆ.

ಅವಳು ಹಿಡಿಕೆ ಬಿಟ್ಟು ರಸ್ತೆಯ ನಡುವೆ ಬಂದು ನಿಂತಳು.

"ನಾ ಒಬ್ಬಾಕಿ ತಿರಗಸಂಗಿಲ್ಲ. ಎಲ್ಲಾರೂ ತಿರಗಸಬೇಕ. ಒಬ್ಬೊಬ್ಬರs ಬರ್ರಿ, ಬರಿಗೈಲೆ ಹಿಡೀರಿ. ಆಮ್ಯಾಲ ಏನೇನ ತೊಳಸ್ತೀರಿ ತೊಳಸ್ರಿ. ಬಾಕು ತೊಳಸ್ರಿ, ಚೀಟಿ ತೊಳಸ್ರಿ, ನಿಮ್ಮ ಮೈ ತೊಳಸ್ರಿ. ಆ ಹಾರಾನೂ ತೊಳಸ್ರಿ."

ಗದ್ದಲವೆದ್ದಿತು. ಒಬ್ಬ ಹೊಡೆಯುವವನ ಹಾಗೆ ಕೈ ಎತ್ತಿದ. ಸಾವಕ್ಕ ಕದಲಲಿಲ್ಲ. "ಹೊಡಿ," ಎಂದಳು. "ಹೊಡೀಬೇಕಂದ್ರ ಮುಟ್ಟಬೇಕಲ್ಲ. ಮುಟ್ಟ ಬಾ."

ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಏನು ಮಾಡುವುದೆಂದು ತಿಳಿಯದೆ ಅವನು ಅದರಿಂದ ತಲೆ ಕೆರೆದುಕೊಂಡ. ಜಿನಗೊಂಡರಿಗೆ ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದು ಹೋ ಎಂದು ನಕ್ಕರು. ನಗುತ್ತಲೇ ಪಡುವಣದ ಕಡೆ ನೋಡಿದರು. ಸೂರ್ಯ ಗುಡ್ಡದ ಕಡೆ ವಾಲುತ್ತಿದ್ದ.

"ಸರೀರಿ ಎಲ್ಲಾರೂ," ಎಂದರು. "ಧರ್ಮಾ ಆಮ್ಯಾಲ ನೋಡೂಣು. ಹೊತ್ತ ನನ್ನ ಸಲುವಾಗಿ ನಿಂದರಾಂಗಿಲ್ಲ."

ಮುದುಕ ಬಂದು ಹಿಡಿಕೆ ಹಿಡಿದರು. ಎರಡು ಸುತ್ತು ತಿರುಗಿಸಿದರು, ಮೂರನೆಯದಕ್ಕೆ ಏದುಸಿರು ಬಂತು. "ಎವ್ವಾ, ಇಷ್ಟ ಬಿಗಿ ಐತಿ ಇದು? ದಿನಾ ತಿರಗಸ್ತಿ ನೀ?" ಎಂದರು. ಸಾವಕ್ಕ ಮುಂದಿನವರು ಬರಲಿ ಎಂಬಂತೆ ಸರಿದು ನಿಂತಳು.

ಒಬ್ಬರು ಮುಟ್ಟಿದ ಮೇಲೆ ಉಳಿದವರಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಜೋತಿಬಾ ಬಂದ. ಹಿಂದಿದ್ದವರು ಬಂದರು. ಯಾರು ಹೆಚ್ಚು ತಿರುಗಿಸುತ್ತಾರೆಂದು ಇಬ್ಬರು ತರುಣರು ಪಂದ್ಯಕ್ಕೇ ಬಿದ್ದರು. ಕೈ ಎತ್ತಿದ್ದವನೂ ಮುಖ ಆಚೆ ತಿರುಗಿಸಿಕೊಂಡು ಒಂದಿಷ್ಟು ತಿರುಗಿಸಿದ. ಗುಂಡು ಮೋಟಾರಿನ ಆಚೆ ಬದಿಗೆ ಅಡಗಿದ್ದ, ಅವನನ್ನು ಮಂದಿಯೇ ಎಳೆದುಕೊಂಡು ಬಂದರು. ಹಿಡಿಕೆ ಹಿಡಿದ ಕೂಡಲೇ ಅವನು "ಅಯ್ಯಯ್ಯೋ, ಬೊಬ್ಬೆ" ಎಂದು ಕೂಗಿದ. ಬೊಬ್ಬೆ ಇನ್ನೂ ಎದ್ದಿರಲಿಲ್ಲ. ಅಷ್ಟು ಹೊತ್ತು ಸಿಡುಕಿದ್ದ ಮಂದಿ ಈಗ ಕೇಕೆ ಹಾಕಿ ನಗುತ್ತಿದ್ದರು.

ಉಳಿದವರು ಬಾಪೂಸಾಹೇಬರು ಒಬ್ಬರೇ. ಅವರು ಬಹಳ ವಿಚಾರ ಮಾಡಿ, ಹೆಗಲ ಮೇಲಿನ ಶಲ್ಯವನ್ನು ತೆಗೆದು ಅಂಗೈಗೆ ಸುತ್ತಿಕೊಂಡು ಮುಂದೆ ಬಂದರು. ರೇಷ್ಮೆಗೆ ಮೈಲಿಗೆ ತಾಕುವುದಿಲ್ಲವೆಂಬುದು ಶಾಸ್ತ್ರ.

"ಶಲ್ಯಾ ತಗೀರಿ," ಎಂದಳು ಸಾವಕ್ಕ.

"ರೇಷ್ಮೀದ ಇದು."

"ನನ್ನ ಕೈ ರೇಷ್ಮೀದಲ್ರಿ. ತಗೀರಿ."

ಬಾಪೂಸಾಹೇಬರು ಸುತ್ತಲೂ ನೋಡಿದರು. ಹಿಡಿಕೆಯ ಮಸಿಗೆ ಎಲ್ಲರ ಅಂಗೈಗಳೂ ಕಪ್ಪಾಗಿದ್ದವು. ತಮ್ಮ ಕಡೆ ನಿಲ್ಲುವ ಬಿಳಿ ಅಂಗೈ ಒಂದೂ ಇರಲಿಲ್ಲ. ಶಲ್ಯ ಬಿಚ್ಚಿದರು. ಎರಡೂ ಕೈಯಿಂದ ಹಿಡಿಕೆ ಹಿಡಿದರು. ತಿರುಗಿಸಿದರು. ರುಮಾಲು ಜಾರಿ ಹೆಗಲಿಗೆ ಬಿತ್ತು. ಎತ್ತಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಕೊನೆಯ ಸರದಿಗೆ ಸಾವಕ್ಕ ಎದುರಿನಿಂದ ಅದೇ ಹಿಡಿಕೆಗೆ ಕೈ ಕೊಟ್ಟಳು, ಇಬ್ಬರ ಜೋರಿಗೆ ಪಂಖ ಗುಂಯ್ಯೆಂದಿತು. ಜೋತಿಬಾ ಕಡ್ಡಿ ಗೀರಿದ. ಕೊಳವೆಯ ಬಾಯಲ್ಲಿ ನೀಲಿ ಉರಿ ಭಗ್ಗೆಂದಿತು. ಮಂದಿ ಚಪ್ಪಾಳೆ ತಟ್ಟಿದರು. ಮೈಲಿಗೆಯ ಗ್ಯಾಸು ಅಂತ ಉರಿ ಬೇರೆ ಬಣ್ಣಕ್ಕೆ ಬರಲಿಲ್ಲ.

ಸಾವಕ್ಕ ಸೀದಾ ಒಳಗೆ ಹೋಗಿ ಮಗಳ ಪಕ್ಕದಲ್ಲಿ ಕೂತಳು. ಅದಕ್ಕೆ ಅವಳು ಯಾರನ್ನೂ ಕೇಳಲಿಲ್ಲ. ಗುಂಡು ಚೀಟಿ ಹರಿಯುತ್ತ ಬಂದ. ಅವಳ ಮುಂದೆ ಬಂದಾಗ ಎರಡು ಚೀಟಿ ಹರಿದು ಅವಳ ಕೈಗೇ ಕೊಟ್ಟ. ಅವನ ಹೆಬ್ಬೆರಳಿನ ಮಸಿ ಚೀಟಿಯ ಮೇಲೆ ಮೂಡಿತ್ತು.

ಗಡಹಿಂಗ್ಲಜದ ಸ್ಟ್ಯಾಂಡಿನಲ್ಲಿ ಬಾಜಾ ಬಜಂತ್ರಿ ಇತ್ತು. ಮೋಟಾರು ನಿಂತದ್ದೇ ಜಿನಗೊಂಡರು ಎಲ್ಲರಿಗಿಂತ ಮೊದಲು ಧುಮುಕಿ ಬೀಗರ ಮನೆಯ ಕಡೆ ಓಡಿದರು. ಹೊತ್ತು ಮುಳುಗಲು ಇನ್ನೂ ಕೊಂಚ ಇತ್ತು. ಮಾಮಲೇದಾರರು ಹಾರ ಹಿಡಿದು ಮುಂದೆ ಬಂದರು. ಬಾಪೂಸಾಹೇಬರು ಕೈ ಮುಗಿದರು. ಮುಗಿದ ಮೇಲೆ ಮಸಿ ನೆನಪಾಗಿ ಕೈ ಬಚ್ಚಿಡಲು ಹೋದರು, ಆದರೆ ಮಾಮಲೇದಾರರು ಅಷ್ಟರಲ್ಲಿ ನೋಡಿಬಿಟ್ಟಿದ್ದರು.

"ವಾ ವಾ! ಮಾಲಕ ಸ್ವತಃ ಕಾಮ ಕರತಾತ!" ಎಂದು ಮರಾಠಿಯಲ್ಲಿ ಹೊಗಳಿದರು. ಮಾಲಕರೇ ಕೈಯಾರೆ ದುಡಿಯುವ ಇಂಥ ಮೋಟಾರು ಎಲ್ಲಿಯೂ ನೋಡಿಲ್ಲವೆಂದು ನೆರೆದವರಿಗೆಲ್ಲ ಸಾರಿ ಹೇಳಿದರು. ಬಾಪೂಸಾಹೇಬರು ಕತ್ತು ಬಗ್ಗಿಸಿ ಹಾರ ಹಾಕಿಸಿಕೊಂಡರು.

ಗುಂಡು ಹತ್ತಿರ ಬಂದು ಮೆಲ್ಲಗೆ ಕೇಳಿದ. "ಬಾಕು ತೊಳೀಲೇನ್ರಿ?"

"ಬಾಯಿ ಮುಚ್ಚ," ಎಂದರು ಬಾಪೂಸಾಹೇಬರು.

ಕೃಷ್ಣಾತ ಜನರ ಹಿಂದೆ, ದೂರದಲ್ಲಿ ನಿಂತಿದ್ದ. ಕೂಸಿಗೆಂದು ಒಂದು ತಗಡಿನ ಗಿಲಕಿ ತಂದಿದ್ದ. ಕತ್ತೆತ್ತಿ ಮೋಟಾರಿನ ತಲೆಯ ಮೇಲೆ ಹುಡುಕುತ್ತಿದ್ದ. ಅಲ್ಲಿ ಬರೀ ಇದ್ದಲಿ ಚೀಲಗಳು. ಹೆಂಡತಿಯಿಲ್ಲ, ಕೂಸಿಲ್ಲ. ತುದಿಗಾಲಲ್ಲಿ ನಿಂತು ಈ ಕಡೆಯಿಂದ ಆ ಕಡೆಗೆ ಸರಿದು ಮತ್ತೆ ನೋಡಿದ. ದಾರಿಯಲ್ಲಿ ಎಲ್ಲಿ ಬಿದ್ದರೋ, ಏನಾಯಿತೋ ಎಂದು ಅವನು ಗಾಬರಿಯಾದ.

"ಮ್ಯಾಲ ಏನ ನೋಡಾಕತ್ತೀರಿ ಅಳಿಯಂದ್ರ?" ಎಂದು ಸಾವಕ್ಕ ಜೋರಾಗಿ ಕೂಗಿದಳು, ಬಾಜಾದ ಸದ್ದನ್ನೂ ಮೀರಿ. "ಇಲ್ಲೆ ಬರ್ರಿ, ಕೂಸಿನ್ನ ಇಸಗೋರ್ರಿ. ನಾವು ಬಾಗಲದಾಗಿಂದ ಇಳ್ಯಾಕತ್ತೇವಿ."